ಉತ್ತರ ಕನ್ನಡಕ್ಕೆ ಪ್ರವಾಸಿಗರ ದಂಡು: ಉಣ್ಣುವ ತಟ್ಟೆಗೆ ಕಾವಲು ಯಾರು?

ಹೊಸಹಳ್ಳಿ (ಬೆಂಗಳೂರು): ಶನಿವಾರ, ಭಾನುವಾರಗಳಿಗೆ ಹೊಂದಿಕೊಂಡು ಶುಕ್ರವಾರವೋ ಸೋಮವಾರವೋ ಸರ್ಕಾರಿ ರಜೆ ಬಂದರೆ ಸಾಕು, ರಾಜಧಾನಿಯ ಪಶ್ಚಿಮ ಭಾಗದ ಬಡಾವಣೆಗಳಿಂದ ಕರಾವಳಿಯತ್ತ ಹೊರಡುವವರ ಸಾಲು ಬೆಳೆಯುತ್ತದೆ. ಹೊಸಹಳ್ಳಿ, ವಿಜಯನಗರ, ಬಸವೇಶ್ವರನಗರ, ರಾಜಾಜಿನಗರಗಳ ಮಧ್ಯಮ ವರ್ಗದ ಕುಟುಂಬಗಳಿಗೆ ಉತ್ತರ ಕನ್ನಡ ಜಿಲ್ಲೆ ಈಗ ದೂರದ ಸೀಮೆಯಾಗಿ ಉಳಿದಿಲ್ಲ. ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ಎರಡನೆಯ ನಿಲ್ದಾಣವೇ ನಗರ ರೈಲು ನಿಲ್ದಾಣ. ಅಲ್ಲಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಮರುದಿನ ಬೆಳಿಗ್ಗೆ ಕುಮಟಾ, ಅಂಕೋಲಾ, ಕಾರವಾರ ಮುಟ್ಟಿಸುತ್ತದೆ.

ಕಾಡು, ಕಡಲು ಹಾಗೂ ಊಟ ಈ ಮೂರೂ ಒಂದೇ ಜಿಲ್ಲೆಯಲ್ಲಿ ಸಿಗುವ ಸ್ಥಳಗಳು ರಾಜ್ಯದಲ್ಲಿ ವಿರಳ. ಬೆಳಿಗ್ಗೆ ದಾಂಡೇಲಿಯ ಕಾಡಿನಲ್ಲಿ ಹಕ್ಕಿ ನೋಡಿ, ಸಂಜೆ ಗೋಕರ್ಣದ ಮರಳಿನಲ್ಲಿ ಕುಳಿತು, ರಾತ್ರಿ ಬಂಗಡೆ ಸಾರಿನೊಂದಿಗೆ ಕುಚ್ಚಲಕ್ಕಿ ಅನ್ನ ಉಣ್ಣಬಹುದು ಎಂಬುದೇ ಜಿಲ್ಲೆಯ ಆಕರ್ಷಣೆ. ಆದರೆ ಪ್ರವಾಸಿಗ ಹುಡುಕಿಕೊಂಡು ಹೋಗುವ ಈ ಮೂರಕ್ಕೂ ಆಧಾರವಾದ ನದಿ, ಅಳಿವೆ ಮತ್ತು ಮರಳ ದಂಡೆಗಳ ಮೇಲೆಯೇ ಇಂದು ಬಂದರು, ವಿದ್ಯುತ್ ಹಾಗೂ ಹೆದ್ದಾರಿ ಯೋಜನೆಗಳ ಭಾರ ಬಿದ್ದಿದೆ. ಪ್ರವಾಸೋದ್ಯಮವೂ ಆ ಭಾರದ ಒಂದು ಪಾಲಾಗಿದೆ. ಜಿಲ್ಲೆಗೆ ಎಷ್ಟು ಮಂದಿ ಬಂದರು ಎಂಬ ಲೆಕ್ಕಕ್ಕಿಂತ, ಬರುವವರಿಗೆ ತೋರಿಸಲು ಇನ್ನು ಹತ್ತು ವರ್ಷಗಳ ಬಳಿಕ ಅಲ್ಲಿ ಏನು ಉಳಿದಿರುತ್ತದೆ ಎಂಬ ಪ್ರಶ್ನೆ ಮುಖ್ಯವಾಗುತ್ತಿರುವುದು ಈ ಕಾರಣದಿಂದಲೇ.

ಹಾದಿ ಸುಗಮ, ಪಯಣ ದುರ್ಗಮ

ಸುಮಾರು 10 ಸಾವಿರ ಚದರ ಕಿ.ಮೀ. ವಿಸ್ತೀರ್ಣದ ಉತ್ತರ ಕನ್ನಡದಲ್ಲಿ ಶೇ 80ರಷ್ಟು ಭೂಮಿ ಅರಣ್ಯ. 2011ರ ಜನಗಣತಿಯಂತೆ ಜನಸಂಖ್ಯೆ 14.37 ಲಕ್ಷ. ಕರಾವಳಿಯ ಐದು ತಾಲ್ಲೂಕುಗಳಾದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ ಮತ್ತು ಭಟ್ಕಳಗಳಲ್ಲಿ ಕಡಲಿಗೂ ಬೆಟ್ಟಕ್ಕೂ ನಡುವೆ ಸಿಗುವ ಸಮತಟ್ಟು ನೆಲ ಬಹಳ ಕಡಿಮೆ. ಆ ಕಿರಿದಾದ ಪಟ್ಟಿಯಲ್ಲೇ ಊರು, ಗದ್ದೆ, ರೈಲು ಮಾರ್ಗ, ರಾಷ್ಟ್ರೀಯ ಹೆದ್ದಾರಿ ಎಲ್ಲವೂ ಹಾದುಹೋಗಬೇಕು. ಜಿಲ್ಲೆಯ ಬಹುತೇಕ ಸಮಸ್ಯೆಗಳ ಮೂಲ ಈ ಭೂರಚನೆಯಲ್ಲಿದೆ.

1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡಾಗ ಕರಾವಳಿಗೆ ಮುಂಬೈ ಮತ್ತು ಮಂಗಳೂರುಗಳ ನೇರ ನಂಟು ಒದಗಿತು. ಬೆಂಗಳೂರಿನ ನಂಟು ಮಾತ್ರ ಬಹುಕಾಲ ರಾತ್ರಿ ಬಸ್ಸುಗಳನ್ನೇ ನೆಚ್ಚಿಕೊಂಡಿತ್ತು. 2020ರ ಮಾರ್ಚ್‌ನಲ್ಲಿ ಕುಣಿಗಲ್, ಹಾಸನ, ಸಕಲೇಶಪುರ ಮಾರ್ಗವಾಗಿ ಹೊಸ ರಾತ್ರಿ ರೈಲು ಆರಂಭವಾದ ಮೇಲೆ ಚಿತ್ರ ಬದಲಾಯಿತು. 2023ರ ಜೂನ್‌ನಲ್ಲಿ ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆತದ್ದು ಗೋಕರ್ಣ, ಮುರ್ಡೇಶ್ವರ, ಇಡಗುಂಜಿಯಂತಹ ಕ್ಷೇತ್ರಗಳಿಗೆ ಬರುವವರ ಸಂಖ್ಯೆಯನ್ನು ಹೆಚ್ಚಿಸಿತು.

ಹಾದಿ ಸುಗಮವಾದಷ್ಟೂ ಅದರ ದೌರ್ಬಲ್ಯಗಳೂ ಬಯಲಾದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಗಂಗಾವಳಿ ನದಿಗೆ ಬಿದ್ದ ಲಾರಿಯನ್ನು ಮೇಲೆತ್ತಲು 71 ದಿನಗಳು ಬೇಕಾದವು. ಅದೇ ವರ್ಷದ ಆಗಸ್ಟ್ 7ರ ನಡುರಾತ್ರಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರುಪಾಲಾಯಿತು. ಚಾಲಕ ಬದುಕುಳಿದದ್ದು ಸ್ಥಳೀಯ ಮೀನುಗಾರರು ಮತ್ತು ಪೊಲೀಸರ ಸಮಯಪ್ರಜ್ಞೆಯಿಂದ.

ಈ ಎರಡು ಘಟನೆಗಳು ಕೇವಲ ಮಳೆಗಾಲದ ಅವಘಡಗಳಾಗಿ ದಾಖಲಾಗಿ ಮರೆಯಾಗಬಾರದು. ಗುಡ್ಡದ ಬುಡವನ್ನು ನೇರವಾಗಿ ಕಡಿದು ರಸ್ತೆ ಅಗಲಗೊಳಿಸಿದರೆ, ಮಳೆನೀರು ಹೀರಿದ ಮಣ್ಣಿಗೆ ಆಧಾರ ತಪ್ಪುತ್ತದೆ. ಜಂಬಿಟ್ಟಿಗೆಯ ಮೇಲ್ಪದರದ ಕೆಳಗೆ ಜೇಡಿಮಣ್ಣು ಇರುವ ಕರಾವಳಿಯ ಗುಡ್ಡಗಳಲ್ಲಿ ಈ ಅಪಾಯ ಹೆಚ್ಚು. ವಾರಾಂತ್ಯದಲ್ಲಿ ಕಾರು ಹತ್ತುವ ಪ್ರವಾಸಿಗನಿಗೆ ಇದು ಒಂದು ದಿನದ ಆತಂಕವಾದರೆ, ಗುಡ್ಡದ ಕೆಳಗೆ ಮನೆ ಮಾಡಿಕೊಂಡವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ನಿತ್ಯದ ಭಯ.

ಕಾಳಿಯ ಕಾಡು, ಮಂಗಟ್ಟೆಯ ಮರ

ವನ್ಯಜೀವಿ ಆಸಕ್ತರ ಮೊದಲ ಗುರಿ ದಾಂಡೇಲಿ, ಜೋಯಿಡಾ ಭಾಗ. 1956ರಲ್ಲಿ ಘೋಷಣೆಯಾದ ದಾಂಡೇಲಿ ಅಭಯಾರಣ್ಯ ಮತ್ತು 1987ರಲ್ಲಿ ರೂಪುಗೊಂಡ ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಒಗ್ಗೂಡಿಸಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವನ್ನಾಗಿ ಘೋಷಿಸಲಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂಬ ಹೆಸರು ಬಂದಿತು. ಇಲ್ಲಿನ ದಟ್ಟ ಕಾಡಿನಲ್ಲಿ ಸಫಾರಿ ಜೀಪಿನಿಂದ ಹುಲಿ ಕಾಣುವುದು ಅಪರೂಪ. ಬಂಡೀಪುರ, ನಾಗರಹೊಳೆಗಳ ನಿರೀಕ್ಷೆ ಹೊತ್ತು ಬರುವವರು ನಿರಾಶರಾಗುವುದೂ ಉಂಟು. ಕಪ್ಪು ಚಿರತೆ, ಕಾಡುಕೋಣ, ಕೆಂಜಳಿಲು, ಕಾಳಿಂಗ ಸರ್ಪಗಳ ನೆಲೆಯಾದ ಈ ಕಾಡಿನ ನಿಜವಾದ ರಾಯಭಾರಿ, ಹಾರ್ನ್‌ಬಿಲ್ ಎಂದೇ ಹೆಚ್ಚು ಪರಿಚಿತವಾದ ಮಂಗಟ್ಟೆ ಹಕ್ಕಿ.

ಮಂಗಟ್ಟೆಯ ನಾಲ್ಕು ಪ್ರಭೇದಗಳು ಈ ಭಾಗದಲ್ಲಿವೆ. ಹೆಣ್ಣು ಹಕ್ಕಿ ಹಳೆಯ ಮರದ ಪೊಟರೆಯೊಳಗೆ ಸೇರಿ ಬಾಯಿಯನ್ನು ಮುಚ್ಚಿಕೊಂಡು, ಕೊಕ್ಕು ತೂರುವಷ್ಟೇ ಸೀಳು ಬಿಟ್ಟು ಮೊಟ್ಟೆಯಿಡುತ್ತದೆ. ವಾರಗಟ್ಟಲೆ ಅದಕ್ಕೂ ಮರಿಗಳಿಗೂ ಆಹಾರ ತರುವುದು ಗಂಡಿನ ಕೆಲಸ. ಆಲ, ಅತ್ತಿ, ಬಸರಿಯಂತಹ ಮರಗಳ ಹಣ್ಣು ಸಿಗದಿದ್ದರೆ, ಪೊಟರೆಯಿರುವ ಮುದಿ ಮರಗಳು ಉರುಳಿದರೆ ಸಂಸಾರವೇ ನಿಲ್ಲುತ್ತದೆ. ಗಂಡು ಹಕ್ಕಿ ಬೆದರಿ ಗೂಡಿನಿಂದ ದೂರ ಉಳಿದರೂ ಒಳಗಿರುವ ಜೀವಗಳಿಗೆ ಉಪವಾಸವೇ ಗತಿ. ಇದನ್ನು ಮನಗಂಡೇ 2011ರಲ್ಲಿ ಕಾಳಿ ನದಿ ತೀರದ ಅರಣ್ಯವನ್ನು ಹಾರ್ನ್‌ಬಿಲ್ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. 2018ರಿಂದ ದಾಂಡೇಲಿಯಲ್ಲಿ ಹಾರ್ನ್‌ಬಿಲ್ ಹಬ್ಬವೂ ಆರಂಭವಾಯಿತು.

ವಿಪರ್ಯಾಸವೆಂದರೆ, ಹಕ್ಕಿ ಗೂಡು ಕಟ್ಟುವ ಬೇಸಿಗೆಯ ದಿನಗಳೇ ರೆಸಾರ್ಟ್‌ಗಳಿಗೆ ಸುಗ್ಗಿ. ನದಿಯಂಚಿನ ತಂಗುದಾಣಗಳ ಧ್ವನಿವರ್ಧಕ, ರಾತ್ರಿಯ ಪ್ರಖರ ದೀಪ ಮತ್ತು ಗೂಡಿನ ಬುಡದವರೆಗೂ ನುಗ್ಗುವ ಛಾಯಾಗ್ರಾಹಕರ ಗುಂಪು, ಮೀಸಲು ಘೋಷಣೆಯ ಉದ್ದೇಶವನ್ನೇ ಸೋಲಿಸಬಲ್ಲವು.

ಕಾಳಿಯಲ್ಲಿ ನಡೆಯುವ ರಾಫ್ಟಿಂಗ್‌ನ ಕತೆಯೂ ಬೋಧಪ್ರದವಾದುದು. ಗಣೇಶಗುಡಿಯ ಬಳಿ ಪ್ರವಾಸಿಗರನ್ನು ಕುಣಿಸುವ ನೊರೆನೀರು ನದಿಯ ಸಹಜ ಹರಿವಲ್ಲ. ಸೂಪಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಹೊರಬರುವ ನೀರನ್ನು ಆಧರಿಸಿ ದೋಣಿ ಇಳಿಸುವ ಸಮಯ ನಿಗದಿಯಾಗುತ್ತದೆ. ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಹೀಗೆ ಒಂದರ ಕೆಳಗೊಂದು ಕಟ್ಟೆಗಳು ಎದ್ದ ಮೇಲೆ ಕಾಳಿ ಉದ್ದಕ್ಕೂ ತನ್ನಿಷ್ಟದಂತೆ ಹರಿಯುವ ನದಿಯಾಗಿ ಉಳಿದಿಲ್ಲ. ಅದರ ದಂಡೆಯಲ್ಲೇ ಕೈಗಾ ಅಣು ವಿದ್ಯುತ್ ಸ್ಥಾವರವಿದೆ. ತಲಾ 220 ಮೆಗಾವಾಟ್‌ನ ನಾಲ್ಕು ಘಟಕಗಳ ಜೊತೆಗೆ ತಲಾ 700 ಮೆಗಾವಾಟ್‌ನ ಎರಡು ಘಟಕಗಳ ಕಾಮಗಾರಿ ಕೈಗೆತ್ತಿಕೊಳ್ಳಲಾಗಿದೆ.

ಹೊಸಹಳ್ಳಿಯ ಮನೆಯಲ್ಲಿ ಬೆಳಗುವ ದೀಪಕ್ಕೂ ಈ ಕಾಡಿಗೂ ಇರುವ ಸಂಬಂಧ ಇದು. ಕಾಳಿ ಮತ್ತು ಶರಾವತಿ ಕಣಿವೆಗಳಿಂದ ರಾಜ್ಯದ ಜಾಲಕ್ಕೆ ಸೇರುವ ವಿದ್ಯುತ್ತಿನ ದೊಡ್ಡ ಬಳಕೆದಾರ ಬೆಂಗಳೂರು. ಲಿಂಗನಮಕ್ಕಿಯಿಂದ ರಾಜಧಾನಿಗೆ ಕುಡಿಯುವ ನೀರು ತರುವ ಪ್ರಸ್ತಾವ 2019ರಲ್ಲಿ ಮಲೆನಾಡಿನಲ್ಲಿ ತೀವ್ರ ಪ್ರತಿಭಟನೆಗೆ ಕಾರಣವಾಗಿತ್ತು. ಶರಾವತಿ ಕಣಿವೆಯ ಸಿಂಗಳೀಕಗಳ ನೆಲೆಯಲ್ಲಿ ಸುರಂಗ ಕೊರೆದು 2,000 ಮೆಗಾವಾಟ್ ಸಾಮರ್ಥ್ಯದ ಭೂಗತ ವಿದ್ಯುದಾಗಾರ ನಿರ್ಮಿಸುವ ಯೋಜನೆಗೆ 2025ರ ಸೆಪ್ಟೆಂಬರ್‌ನ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ವಿರೋಧ ವ್ಯಕ್ತವಾಯಿತು. ರಾಜಧಾನಿಯ ಪ್ರವಾಸಿಗ ಈ ಜಿಲ್ಲೆಗೆ ಅತಿಥಿಯಾಗಿ ಬರುವುದಕ್ಕೆ ಮುಂಚೆಯೇ ಅದರ ಸಂಪನ್ಮೂಲದ ಪಾಲುದಾರನಾಗಿರುತ್ತಾನೆ.

ಮರಳ ದಂಡೆಯ ಎರಡು ಮುಖ

ಗೋಕರ್ಣದ ಓಂ ಬೀಚ್, ಕುಡ್ಲೆ, ಹಾಫ್ ಮೂನ್, ಪ್ಯಾರಡೈಸ್ ತೀರಗಳು ಮೊದಲು ವಿದೇಶಿ ಅಲೆಮಾರಿಗಳಿಂದಲೂ, ನಂತರ ಬೆಂಗಳೂರಿನ ತರುಣರಿಂದಲೂ ಪ್ರಸಿದ್ಧಿಗೆ ಬಂದವು. ಮುರ್ಡೇಶ್ವರದ ಬೃಹತ್ ಶಿವನ ಪ್ರತಿಮೆ ಕುಟುಂಬ ಸಮೇತ ಬರುವವರನ್ನು ಸೆಳೆಯುತ್ತದೆ. ಅಲ್ಲಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ಸುತ್ತ ಸ್ಕೂಬಾ ಡೈವಿಂಗ್ ಜನಪ್ರಿಯವಾಗಿದೆ. ಹೊನ್ನಾವರದ ಶರಾವತಿ ಹಿನ್ನೀರಿನ ಕಾಂಡ್ಲಾ ವನದ ನಡುವೆ ಮರದ ಹಲಗೆಯ ಕಾಲುದಾರಿಯೂ ಇದೆ.

2020ರ ಅಕ್ಟೋಬರ್‌ನಲ್ಲಿ ಹೊನ್ನಾವರ ತಾಲ್ಲೂಕಿನ ಕಾಸರಕೋಡ ಕಡಲ ತೀರಕ್ಕೆ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತಾಗ ಜಿಲ್ಲೆಯಲ್ಲಿ ಸಂಭ್ರಮವಿತ್ತು. ನೀರಿನ ಗುಣಮಟ್ಟ, ಸ್ವಚ್ಛತೆ, ಸುರಕ್ಷತೆ, ಪರಿಸರ ಶಿಕ್ಷಣ ಮುಂತಾದ 33 ಮಾನದಂಡಗಳನ್ನು ಪೂರೈಸಿದ ತೀರಗಳಿಗೆ ಮಾತ್ರ ಈ ಅಂತರರಾಷ್ಟ್ರೀಯ ಮನ್ನಣೆ ಸಲ್ಲುತ್ತದೆ. ಉಡುಪಿ ಜಿಲ್ಲೆಯ ಪಡುಬಿದ್ರಿಯೊಡನೆ ಕಾಸರಕೋಡವೂ ಆ ಪಟ್ಟಿಗೆ ಸೇರಿತು.

ಅದೇ ಕಾಸರಕೋಡದ ಟೊಂಕ ಭಾಗದಲ್ಲಿ ಮತ್ತೊಂದು ಚಿತ್ರ ಕಾಣಸಿಗುತ್ತದೆ. ಅಲ್ಲಿ ಖಾಸಗಿ ಸಹಭಾಗಿತ್ವದ ಬಂದರು ನಿರ್ಮಾಣದ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಮಹಿಳೆಯರು ಒಣಮೀನು ಹರವುವ ಮರಳ ದಂಡೆ, ದೋಣಿ ನಿಲ್ಲಿಸುವ ಜಾಗ, ತಲೆಮಾರುಗಳಿಂದ ವಾಸವಿರುವ ಮನೆಗಳು ಯೋಜನೆಯ ಹಾದಿಯಲ್ಲಿವೆ ಎಂಬುದು ಅವರ ಅಳಲು. 2025ರ ಫೆಬ್ರುವರಿಯಲ್ಲಿ ಸಮೀಕ್ಷೆಗೆ ಅಡ್ಡಿಪಡಿಸಿದವರನ್ನು ಪೊಲೀಸರು ಬಂಧಿಸಿದಾಗ ವಿವಾದ ಮತ್ತೆ ಭುಗಿಲೆದ್ದಿತು.

ಟೊಂಕದ ಮರಳು ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುವ ತಾಣವೂ ಹೌದು. ಚಳಿಗಾಲ ಮುಗಿಯುವ ಹೊತ್ತಿಗೆ ರಾತ್ರಿಯ ಕತ್ತಲಲ್ಲಿ ದಡವೇರುವ ಆಮೆ ಮರಳಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮರಳುತ್ತದೆ. ಸುಮಾರು ಒಂದೂವರೆ ತಿಂಗಳಿಂದ ಎರಡು ತಿಂಗಳ ನಡುವೆ ಹೊರಬರುವ ಮರಿಗಳು ಬೆಳಕಿರುವ ದಿಕ್ಕನ್ನೇ ಕಡಲೆಂದು ಭಾವಿಸಿ ಸಾಗುತ್ತವೆ. ದಂಡೆಯ ಮೇಲೆ ವಿದ್ಯುದ್ದೀಪ ಉರಿಯುತ್ತಿದ್ದರೆ ಅವು ದಾರಿ ತಪ್ಪಿ ರಸ್ತೆಯತ್ತಲೇ ನಡೆಯುತ್ತವೆ. ಆಮೆಗಳು ಮೊಟ್ಟೆಯಿಡುವ ಸ್ಥಳಗಳನ್ನು ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅತಿ ಸೂಕ್ಷ್ಮ ಪ್ರದೇಶದ ವರ್ಗಕ್ಕೆ ಸೇರಿಸಿರುವುದು ಈ ಕಾರಣಕ್ಕಾಗಿಯೇ. ಗೂಡುಗಳಿಗೆ ಬೇಲಿ ಕಟ್ಟಿ ಕಾಯುವ ಅರಣ್ಯ ಇಲಾಖೆಗೆ ಹಲವೆಡೆ ಮಾಹಿತಿ ನೀಡಿ ನೆರವಾಗುವವರು ಮೀನುಗಾರರೇ.

ನಿಯಮಗಳೂ ಸಡಿಲಗೊಂಡಿವೆ. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯು ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಲ್ಲಿ ನಿರ್ಮಾಣ ನಿಷಿದ್ಧ ವಲಯವನ್ನು ಉಬ್ಬರ ರೇಖೆಯಿಂದ 200 ಮೀಟರ್‌ಗಳಿಂದ 50 ಮೀಟರ್‌ಗಳಿಗೆ ಇಳಿಸಿತು. ತೀರದಲ್ಲಿ ತಾತ್ಕಾಲಿಕ ಗುಡಿಸಲು, ಶೌಚಾಲಯ, ಸ್ನಾನಗೃಹಗಳಂತಹ ಪ್ರವಾಸಿ ಸೌಲಭ್ಯಗಳಿಗೂ ಷರತ್ತಿನ ಮೇಲೆ ಅವಕಾಶ ಕಲ್ಪಿಸಿತು. ತಾತ್ಕಾಲಿಕ ಎಂಬ ಪದ ನೆಲದ ಮೇಲೆ ಎಷ್ಟು ಕಾಲ ತಾತ್ಕಾಲಿಕವಾಗಿ ಉಳಿಯುತ್ತದೆ ಎಂಬುದು ಸ್ಥಳೀಯ ಆಡಳಿತದ ಕಣ್ಗಾವಲನ್ನು ಅವಲಂಬಿಸಿದೆ.

ತಟ್ಟೆಯ ಹಿಂದಿನ ಅಳಿವೆ

ಜಿಲ್ಲೆಯ ಊಟ ಒಂದೇ ಬಗೆಯದಲ್ಲ. ಕರಾವಳಿಯಲ್ಲಿ ಬಂಗಡೆ, ತಾರ್ಲೆ, ಇಸ್ವಾಣ, ಸಿಗಡಿ, ಏಡಿಗಳಿಗೆ ತೆಂಗು, ಮುರುಗಲು, ಜುಮ್ಮನಕಾಯಿಗಳ ಒಗ್ಗರಣೆ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಲ್ಲಿ ತಂಬುಳಿ, ಅಪ್ಪೆಹುಳಿ, ತೊಡದೇವು. ಭಟ್ಕಳದಲ್ಲಿ ನವಾಯತರ ಬಿರಿಯಾನಿ. ಜೋಯಿಡಾದಲ್ಲಿ ಕುಣಬಿ ಸಮುದಾಯ ಬೆಳೆಯುವ ಗೆಡ್ಡೆ ಗೆಣಸುಗಳಿಗೆ ಮೀಸಲಾದ ಮೇಳವೇ ನಡೆಯುತ್ತದೆ. ಬೇಸಿಗೆಯಲ್ಲಿ ಹೆದ್ದಾರಿಯ ಬದಿಯಲ್ಲಿ ಜಡೆಯಂತೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ, 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಅಂಕೋಲಾದ ಕರಿ ಇಶಾಡ ಮಾವು, ಸಾಣಿಕಟ್ಟಾದ ಉಪ್ಪು ಇವೆಲ್ಲವೂ ಆಯಾ ನೆಲದ ಗುಣದಿಂದ ರುಚಿ ಪಡೆದವು.

ಈ ರುಚಿಗಳ ಪೈಕಿ ಹೆಚ್ಚಿನವು ಅಳಿವೆಗಳ ಕೊಡುಗೆ. ಅದಕ್ಕೆ ಉತ್ತಮ ನಿದರ್ಶನ ಅಘನಾಶಿನಿ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುವ ಈ ನದಿಗೆ ಕಾಳಿ, ಶರಾವತಿಗಳಂತೆ ದೊಡ್ಡ ಅಣೆಕಟ್ಟೆಗಳಿಲ್ಲ. ಸಿಹಿನೀರು ಮತ್ತು ಉಪ್ಪುನೀರು ಋತುಮಾನಕ್ಕೆ ತಕ್ಕಂತೆ ಬೆರೆಯುವುದರಿಂದ ಅಳಿವೆಯಲ್ಲಿ ಮೀನು, ಸಿಗಡಿ, ಏಡಿ ಹಾಗೂ ಬಳಚು ಎಂದು ಕರೆಯುವ ಚಿಪ್ಪಿಕಲ್ಲುಗಳು ಸಮೃದ್ಧವಾಗಿ ಬೆಳೆಯುತ್ತವೆ. ನೀರಿಳಿತದ ವೇಳೆ ಸೊಂಟದ ಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಶ್ರಮಿಕರಲ್ಲಿ ಮಹಿಳೆಯರೂ ಇದ್ದಾರೆ.

ಅಳಿವೆಯ ಅಂಚಿನ ಗಜನಿ ಭೂಮಿಯಲ್ಲಿ, ಮುಖ್ಯವಾಗಿ ಮಾಣಿಕಟ್ಟಾ ಪರಿಸರದಲ್ಲಿ, ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ರಸಗೊಬ್ಬರದ ಹಂಗಿಲ್ಲದ ಈ ಭತ್ತದ ಕೊಯ್ಲಾದ ಬಳಿಕ ಅದೇ ಗದ್ದೆಗೆ ಉಬ್ಬರದ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುವುದು ಇಲ್ಲಿನ ಪದ್ಧತಿ. ಹವಾಮಾನ ವೈಪರೀತ್ಯದಿಂದ ಕಡಲ ಮಟ್ಟ ಏರುತ್ತಿರುವ ಕಾಲದಲ್ಲಿ ಇಂತಹ ತಳಿಗೆ ಇರುವ ಬೆಲೆಯನ್ನು ಕೃಷಿ ವಿಜ್ಞಾನವೂ ಒಪ್ಪುತ್ತದೆ. ಆದರೂ ಗಜನಿಯ ಬಂಡುಗಳು ಒಡೆದು, ಕೂಲಿಯ ಅಭಾವ ಕಾಡಿ, ಕಗ್ಗ ಬೆಳೆಯುವ ಪ್ರದೇಶ ಕಿರಿದಾಗುತ್ತ ಬಂದಿದೆ.

2024ರ ಜನವರಿ 31ರಂದು 4,801 ಹೆಕ್ಟೇರ್ ವಿಸ್ತಾರದ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಅಳಿವೆಯನ್ನು ನೆಚ್ಚಿಕೊಂಡು 6,000ದಿಂದ 7,500 ಕುಟುಂಬಗಳು ಬದುಕುತ್ತಿವೆ ಎಂದು ಆ ಸಂದರ್ಭದಲ್ಲಿ ಕೇಂದ್ರ ಸರ್ಕಾರವೇ ತಿಳಿಸಿತ್ತು. ಇದೇ ಅಳಿವೆಯ ದಂಡೆಯ ತದಡಿಯಲ್ಲಿ ಬೃಹತ್ ಉಷ್ಣ ವಿದ್ಯುತ್ ಸ್ಥಾವರ ಸ್ಥಾಪಿಸುವ ಪ್ರಸ್ತಾವ ಹಿಂದೆ ಜನಹೋರಾಟದಿಂದ ಕೈಬಿಡಲ್ಪಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಅಂದು ಹೋರಾಟ ಸೋತಿದ್ದರೆ ಇಂದಿನ ಮಾನ್ಯತೆಗೆ ಅವಕಾಶವೇ ಇರುತ್ತಿರಲಿಲ್ಲ.

ಪ್ರವಾಸಿಗರ ಬೇಡಿಕೆಗೂ ಒಂದು ಮಿತಿ ಬೇಕಾಗಿದೆ. ರಾಜ್ಯದಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಮೀನುಗಳ ಸಂತಾನಾಭಿವೃದ್ಧಿಗೆ ಬಿಡುವು ಕೊಡುವುದು ಇದರ ಉದ್ದೇಶ. ಈ ಅವಧಿಯಲ್ಲಿಯೂ ತಾಜಾ ಇಸ್ವಾಣವೇ ಬೇಕೆಂದು ಹಟ ಹಿಡಿಯುವ ಗ್ರಾಹಕನಿಗೆ ಹೋಟೆಲ್‌ನವರು ಹೊರಗಿನಿಂದ ಬಂದ ಮಂಜುಗಡ್ಡೆಯ ಮೀನು ಬಡಿಸದೆ ಬೇರೆ ದಾರಿಯಿರುವುದಿಲ್ಲ. ಮಳೆಗಾಲದಲ್ಲಿ ಕರಾವಳಿಯ ಮನೆಗಳು ಬೇಸಿಗೆಯಲ್ಲಿ ಒಣಗಿಸಿಟ್ಟ ಮೀನು, ಹೊಳೆಯ ಏಡಿ, ಹಲಸಿನ ಬೇಳೆಗಳಿಂದ ದಿನ ದೂಡುತ್ತಿದ್ದವು. ಆ ಅಡುಗೆಯನ್ನು ಪ್ರವಾಸಿಗರಿಗೆ ಪರಿಚಯಿಸುವ ಪ್ರಯತ್ನಗಳು ಕಡಿಮೆ.

ಬಂದರುಗಳ ಸಾಲು

ಟೊಂಕದ ವಿವಾದ ಒಂಟಿಯಲ್ಲ. ಅಂಕೋಲಾ ತಾಲ್ಲೂಕಿನ ಕೇಣಿಯಲ್ಲಿ 4,119 ಕೋಟಿ ರೂಪಾಯಿ ಅಂದಾಜು ವೆಚ್ಚದ ಸರ್ವಋತು ಬಂದರು ನಿರ್ಮಾಣದ ಗುತ್ತಿಗೆಯನ್ನು 2023ರ ನವೆಂಬರ್‌ನಲ್ಲಿ ಜೆಎಸ್‌ಡಬ್ಲ್ಯು ಸಮೂಹಕ್ಕೆ ನೀಡಲಾಯಿತು. 2025ರಲ್ಲಿ ಮೀನುಗಾರರು ಸರಣಿ ಪ್ರತಿಭಟನೆ ನಡೆಸಿದರು. ಆಗಸ್ಟ್‌ನ ಸಾರ್ವಜನಿಕ ಅಹವಾಲು ಸಭೆಯಲ್ಲೂ ವಿರೋಧವೇ ಮೇಲುಗೈ ಸಾಧಿಸಿತು. 2020ರ ಜನವರಿಯಲ್ಲಿ ಕಾರವಾರ ಬಂದರಿನ ವಿಸ್ತರಣೆಗಾಗಿ ಟ್ಯಾಗೋರ್ ಕಡಲ ತೀರದಲ್ಲಿ ಕಾಮಗಾರಿ ಆರಂಭಿಸಿದಾಗ ಪಟ್ಟಣವೇ ಬಂದ್ ಆಚರಿಸಿತ್ತು. ನಂತರ ಹೈಕೋರ್ಟ್ ಮಧ್ಯಪ್ರವೇಶಿಸಿ ಕಾಮಗಾರಿಗೆ ತಡೆ ನೀಡಿತು.

ಈ ಆಕ್ರೋಶಕ್ಕೆ ಇತಿಹಾಸವಿದೆ. 2005ರಲ್ಲಿ ಕಾರ್ಯಾರಂಭ ಮಾಡಿದ ಕದಂಬ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ಅಣೆಕಟ್ಟೆಗಳಿಗೆ ಊರು ಮುಳುಗಿತು, ಅಣು ಸ್ಥಾವರಕ್ಕೆ ಭೂಮಿ ಹೋಯಿತು, ಹುಲಿ ಯೋಜನೆಗಾಗಿ ಕಾಡಿನೊಳಗಿನ ಹಳ್ಳಿಗಳಿಗೆ ಸ್ಥಳಾಂತರದ ಮಾತು ಬಂತು. ದೇಶದ ರಕ್ಷಣೆಗೂ ರಾಜ್ಯದ ಬೆಳಕಿಗೂ ನೆಲ ಬಿಟ್ಟುಕೊಟ್ಟ ಜಿಲ್ಲೆಗೆ ಉಳಿದಿರುವುದು ಈ ಕಿರಿದಾದ ಕಡಲ ಪಟ್ಟಿ. ಅದನ್ನೂ ಬಿಡಬೇಕೆಂದಾಗ ಜನ ಬೀದಿಗಿಳಿಯುವುದು ಅಸಹಜವೇನಲ್ಲ.

ಬಂದರಿನಿಂದ ಉದ್ಯೋಗ ಬರುತ್ತದೆ, ಬಳ್ಳಾರಿ ಭಾಗದ ಉದ್ಯಮಕ್ಕೆ ಸಾಗಣೆ ವೆಚ್ಚ ತಗ್ಗುತ್ತದೆ ಎಂಬ ವಾದವನ್ನು ಸಾರಾಸಗಟಾಗಿ ತಳ್ಳಿಹಾಕಲಾಗದು. ಜಿಲ್ಲೆಯ ಯುವಜನರು ಕೆಲಸ ಅರಸಿ ಗೋವಾ, ಬೆಂಗಳೂರು, ಮುಂಬೈಗಳಿಗೆ ಹೋಗುತ್ತಿರುವುದೂ ಸತ್ಯ. ಆದರೆ ಒಂದೇ ದಂಡೆಯನ್ನು ಒಂದು ಇಲಾಖೆ ಪ್ರವಾಸಿ ತಾಣವೆಂದೂ, ಇನ್ನೊಂದು ಇಲಾಖೆ ಬಂದರು ಪ್ರದೇಶವೆಂದೂ, ಮತ್ತೊಂದು ಇಲಾಖೆ ಆಮೆಗಳ ನೆಲೆಯೆಂದೂ ಗುರುತಿಸಿದರೆ ಯಾವ ಗುರಿಯೂ ಈಡೇರದು. ಕರಾವಳಿಯ ಎಲ್ಲ ಯೋಜನೆಗಳ ಒಟ್ಟು ಪರಿಣಾಮವನ್ನು ಒಟ್ಟಾಗಿ ಅಳೆಯುವ ಕೆಲಸ ಆಗದೆ, ಬಿಡಿಬಿಡಿಯಾಗಿ ಅನುಮತಿ ನೀಡುವುದೇ ಗೊಂದಲದ ಮೂಲ.

ಸುರಕ್ಷತೆ, ಆಸ್ಪತ್ರೆಯ ಕೊರಗು

2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಶೈಕ್ಷಣಿಕ ಪ್ರವಾಸಕ್ಕೆ ಬಂದ ಮಕ್ಕಳ ಸಾವು ರಾಜ್ಯವನ್ನೇ ಕಲಕಿತು. ಬಳಿಕ ತೀರವನ್ನು ಕೆಲಕಾಲ ಮುಚ್ಚಿ ಸುರಕ್ಷತಾ ಕ್ರಮಗಳ ಬಗ್ಗೆ ಗಮನ ಹರಿಸಲಾಯಿತು. ಒಳನಾಡಿನಿಂದ ಬರುವವರಿಗೆ ಕೆರೆ, ಹೊಳೆಗಳ ಅನುಭವ ಇರಬಹುದು. ಕಡಲಿನ ಒಳಸೆಳೆತ ಬೇರೆಯದೇ. ಅಲೆ ಮರಳುವಾಗ ನೀರು ಕಿರಿದಾದ ಜಾಡಿನಲ್ಲಿ ವೇಗವಾಗಿ ಹಿಂದಕ್ಕೆ ಹರಿಯುತ್ತದೆ. ಮೇಲ್ನೋಟಕ್ಕೆ ಅಲೆಯಿಲ್ಲದೆ ಶಾಂತವಾಗಿ ಕಾಣುವ ಜಾಗವೇ ಹಲವು ಬಾರಿ ಅಂತಹ ಜಾಡಾಗಿರುತ್ತದೆ. ಅದರಲ್ಲಿ ಸಿಕ್ಕವರು ದಡದತ್ತ ನೇರವಾಗಿ ಈಜಿ ಸುಸ್ತಾಗುವ ಬದಲು, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಸರಿದರೆ ಬದುಕುವ ಸಾಧ್ಯತೆ ಹೆಚ್ಚು. ಇಂತಹ ಸರಳ ತಿಳಿವಳಿಕೆಯನ್ನು ಹೊರಡುವ ಮುನ್ನ ಶಾಲೆಯಲ್ಲೇ ನೀಡಬೇಕು. ದಂಡೆಯಲ್ಲಿ ಜೀವರಕ್ಷಕರ ಮಾತಿಗೆ ಕಾನೂನಿನ ಬಲವಿರಬೇಕು.

ಅವಘಡ ನಡೆದ ಮೇಲಿನ ಗತಿ ಇನ್ನೂ ಚಿಂತಾಜನಕ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ ಗಂಭೀರ ಗಾಯಾಳುಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಇಲ್ಲವೇ ಗೋವಾಕ್ಕೆ ಸಾಗಿಸುವುದು ವಾಡಿಕೆ. ಕುಮಟಾದಿಂದ ಮಣಿಪಾಲಕ್ಕೆ ನೂರು ಕಿ.ಮೀ.ಗೂ ಹೆಚ್ಚು ದೂರ. ಸುಸಜ್ಜಿತ ಬಹುವಿಶೇಷ ಆಸ್ಪತ್ರೆಗಾಗಿ 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಎದ್ದ ಕೂಗು, 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟಿದ್ದ ಆಂಬುಲೆನ್ಸ್ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾಗಿ ನಾಲ್ವರು ಮೃತಪಟ್ಟ ಬಳಿಕ ಬೀದಿ ಹೋರಾಟದ ರೂಪ ಪಡೆಯಿತು. ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ ಎಂಬ ಘೋಷಣೆಯೂ ಮೊಳಗಿತು. ಇಲ್ಲಿ ಪ್ರವಾಸಿಗನ ಹಿತವೂ ಸ್ಥಳೀಯನ ಹಿತವೂ ಬೇರೆಬೇರೆಯಲ್ಲ. ಅಪಘಾತವಾದ ಒಂದು ಗಂಟೆಯೊಳಗೆ ಚಿಕಿತ್ಸೆ ಸಿಗದ ಊರಿಗೆ ಲಕ್ಷಾಂತರ ಜನರನ್ನು ಆಹ್ವಾನಿಸುವುದು ಜವಾಬ್ದಾರಿಯ ನಡೆಯಾಗದು.

ಆಗಬೇಕಾದುದೇನು?

ಜಿಲ್ಲೆಯ ಪ್ರತಿಯೊಂದು ತಾಣಕ್ಕೂ ಧಾರಣಾ ಸಾಮರ್ಥ್ಯ ಎಂಬುದಿದೆ. ಗೋಕರ್ಣದ ಕುಡಿಯುವ ನೀರು ಎಷ್ಟು ಮಂದಿಗೆ ಸಾಲುತ್ತದೆ, ಕುಡ್ಲೆಯ ತೀರದ ಕಸ ಎಲ್ಲಿಗೆ ಹೋಗುತ್ತದೆ, ದಾಂಡೇಲಿಯ ನದಿಯಂಚಿನಲ್ಲಿ ಎಷ್ಟು ಕೊಠಡಿಗಳಿಗೆ ಅವಕಾಶ ಕೊಡಬಹುದು ಎಂಬುದನ್ನು ಮೊದಲು ಅಳೆದು, ಆ ಬಳಿಕ ಪರವಾನಗಿ ನೀಡುವ ಕ್ರಮ ಬರಬೇಕು. ಆಮೆಗಳ ಋತುವಿನಲ್ಲಿ ಗೂಡಿರುವ ದಂಡೆಗಳಲ್ಲಿ ರಾತ್ರಿ ದೀಪ ಮತ್ತು ವಾಹನಗಳಿಗೆ ನಿರ್ಬಂಧ, ಮಂಗಟ್ಟೆಯ ಗೂಡುಗಳ ಸುತ್ತ ಅಂತರ ಕಾಯುವ ನಿಯಮ ಜಾರಿಯಾಗಬೇಕು. ಪ್ರವಾಸಿಗರಿಂದ ಬರುವ ಶುಲ್ಕದ ನಿಶ್ಚಿತ ಪಾಲು ಆಯಾ ಗ್ರಾಮ ಪಂಚಾಯಿತಿಗೆ ಸಲ್ಲಿ, ಜೀವರಕ್ಷಕರ ವೇತನಕ್ಕೂ ಕಸ ವಿಲೇವಾರಿಗೂ ಬಳಕೆಯಾಗಬೇಕು.

ಪ್ರವಾಸಿಗರ ಪಾಲಿನ ಹೊಣೆಯೂ ಕಡಿಮೆಯಿಲ್ಲ. ಅಕ್ಟೋಬರ್‌ನಿಂದ ಫೆಬ್ರುವರಿಯವರೆಗೆ ಕಡಲು ತಕ್ಕಮಟ್ಟಿಗೆ ಶಾಂತ. ಕಾಡಿನ ಹಕ್ಕಿಗಳನ್ನು ನೋಡಲು ಚಳಿಗಾಲದ ಬೆಳಗು ಪ್ರಶಸ್ತ. ಮಾವು, ಈರುಳ್ಳಿಗೆ ಏಪ್ರಿಲ್, ಮೇ ತಿಂಗಳು. ಮೂರು ದಿನಗಳಲ್ಲಿ ದಾಂಡೇಲಿಯಿಂದ ಮುರ್ಡೇಶ್ವರದವರೆಗೆ ಓಡುವ ಬದಲು ಒಂದೇ ತಾಲ್ಲೂಕನ್ನು ನಿಧಾನವಾಗಿ ನೋಡಿದರೆ ರಸ್ತೆಯ ಭಾರವೂ ಇಳಿಯುತ್ತದೆ, ಅಪಾಯವೂ ತಗ್ಗುತ್ತದೆ. ಸ್ಥಳೀಯರು ನಡೆಸುವ ಹೋಂಸ್ಟೇ, ಊರಿನ ದೋಣಿಯವರು, ಕಾಡು ಬಲ್ಲ ಕುಣಬಿ, ಗೌಳಿ, ಸಿದ್ದಿ ಸಮುದಾಯಗಳ ಮಾರ್ಗದರ್ಶಕರು ಇವರನ್ನು ಆಯ್ದುಕೊಂಡರೆ ಖರ್ಚು ಮಾಡಿದ ಹಣ ಜಿಲ್ಲೆಯಲ್ಲೇ ಉಳಿಯುತ್ತದೆ.

ಅಂಕೋಲಾ ತಾಲ್ಲೂಕಿನ ಹಾಲಕ್ಕಿ ಸಮುದಾಯದ ಇಬ್ಬರು ಹಿರಿಯರಾದ ತುಳಸಿ ಗೌಡ 2024ರ ಡಿಸೆಂಬರ್‌ನಲ್ಲೂ, ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲೂ ತೀರಿಕೊಂಡರು. ಒಬ್ಬರು ಗಿಡ ನೆಟ್ಟು, ಇನ್ನೊಬ್ಬರು ಹಾಡು ಕಾಪಿಟ್ಟು ಪದ್ಮಶ್ರೀ ಗೌರವಕ್ಕೆ ಪಾತ್ರರಾದವರು. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತದೆಯೇ ತಮ್ಮ ನೆಲದ ಬೆಲೆಯನ್ನು ಅರಿತಿದ್ದರು. ಬಂದರು ಬೇಕೇ, ರೆಸಾರ್ಟ್ ಬೇಕೇ ಎಂಬ ತೀರ್ಮಾನವನ್ನು ವಿಧಾನಸೌಧದಲ್ಲಿ ಕೈಗೊಳ್ಳುವ ಮುನ್ನ ಅಂತಹ ನೆಲದ ಅರಿವುಳ್ಳವರ ಮಾತಿಗೆ ಸಭೆಯಲ್ಲಿ ಜಾಗ ಸಿಗಬೇಕು. ಅಳಿವೆ ಬತ್ತಿ, ದಂಡೆ ಕೊಚ್ಚಿಹೋದ ಮೇಲೆ ರೈಲು ಎಷ್ಟೇ ವೇಗವಾಗಿ ಓಡಿದರೂ ಇಳಿದು ನೋಡಲು ಹೆಚ್ಚೇನೂ ಇರುವುದಿಲ್ಲ.